ಮಾರಾಯನಿಗೆ ಪೋರ್ಚುಗೀಸಿನಲ್ಲಿ ಏನನ್ನುತ್ತಾರೆ?

ಪೋರ್ಚುಗೀಸ್ ಕಲಿಯಲು ಹೊರಟಿರುವ ನಮ್ಮ ಹುಡುಗ ಹುಡುಗಿಯರಿಗೊಂದು ಬಹಿರಂಗ ಪತ್ರ

ಪ್ರೀತಿಯ ಗೆಳೆಯ ಗೆಳತಿಯರೇ,

ಕಳೆದ ಒಂದು ವರ್ಷದಲ್ಲಿ ನಿಮ್ಮಲ್ಲಿ ಹತ್ತು ಹನ್ನೆರಡು ಮಂದಿಯಾದರೂ ನನಗೆ ಫೋನು ಮಾಡಿದ್ದೀರಿ. ಒಬ್ಬರಿಗೆ ಬೆಂಗಳೂರಿನ ಕಂಪನಿಯಲ್ಲಿ ಸಾವೊ ಪೌಲೊದವರ ಕೆಲಸ ವಹಿಸಿದ್ದಾರೆ. ಇನ್ನೊಬ್ಬರಿಗೆ ಪೋರ್ಚುಗಲ್ಲಿನ ಪೋರ್ತೊ ಊರಲ್ಲಿ ಎಂ.ಎಸ್. ಸೀಟು ಸಿಕ್ಕಿದೆ. ಮತ್ತೊಬ್ಬರು ಮದುವೆಯಾಗಿರುವ ಹುಡುಗಿಯ ತವರು ಗೋವೆ, ಅವಳ ಅಣ್ಣ ಆಗಲೇ ಲಿಸ್ಬನ್ ಸೇರಿಯಾಗಿದೆ. ಎಲ್ಲರ ದೂರೂ ಒಂದೇ: “ಆ್ಯಪ್‌ನಲ್ಲಿ ದಿನಾ ಕಲಿತೆ ಮೇಡಂ, ಒಂದನೇ ಹಂತದ ಪರೀಕ್ಷೆಯೂ ಪಾಸಾಯಿತು. ಆದರೆ ಅವರು ಬಾಯಿಬಿಟ್ಟರೆ ಒಂದಕ್ಷರ ತಲೆಗೆ ಹೋಗುವುದಿಲ್ಲ.”

ನಾನು ಎಲ್ಲರಿಗೂ “ಹಾಡು ಕೇಳಿ” ಅಂದು ಫೋನಿಟ್ಟೆ. ಅದು ಅರ್ಧ ಮಾತಾಯಿತು. ನಿಮ್ಮಲ್ಲೊಬ್ಬ ಹುಡುಗ ನನ್ನ ಮಾತು ನಂಬಿ ಮೂರು ತಿಂಗಳು ಹಾಡು ಕೇಳಿದ್ದಾನೆ. ಅಲ್ಲಿಂದ ಹೆಕ್ಕಿದ ಒಂದು ಪದವನ್ನು ಮೀಟಿಂಗಿನಲ್ಲಿ ದೊಡ್ಡ ಅಧಿಕಾರಿಯೊಬ್ಬರ ಮುಂದೆ ಎಸೆದಿದ್ದಾನೆ. ಆಮೇಲೆ ಆ ಕಡೆ ಎಲ್ಲರೂ ಮೈಕು ಬಂದ್ ಮಾಡಿಕೊಂಡು ನಕ್ಕಿದ್ದಾರೆ. ಪಾಪ, ಅವನದೇನೂ ತಪ್ಪಿಲ್ಲ. ಉಳಿದರ್ಧ ಮಾತನ್ನು ಹೇಳದೇ ಬಿಟ್ಟವಳು ನಾನು. ಈ ಪತ್ರ ಆ ಬಾಕಿಯನ್ನು ತೀರಿಸಲಿಕ್ಕೆ.

ಮೊದಲು, ಪಾಠ ಕಲಿತವರಿಗೂ ಮಾತು ಯಾಕೆ ತಿಳಿಯುವುದಿಲ್ಲ ಎಂಬುದನ್ನು ನೋಡೋಣ. ಬೆಂಗಳೂರಿನಲ್ಲಿ ಸಂಜೆ ಆರೂವರೆಯಾದಾಗ ಸಾವೊ ಪೌಲೊದಲ್ಲಿ ಬೆಳಗಿನ ಹತ್ತು. ಅಲ್ಲಿಯವರು ಎರಡನೇ ಕಾಫಿ ಕುಡಿದು ಹುರುಪಿನಲ್ಲಿರುತ್ತಾರೆ, ನೀವು ಇಡೀ ದಿನ ದುಡಿದು ಸೋತಿರುತ್ತೀರಿ. ಆ ಹೊತ್ತಿನಲ್ಲಿ ಅವರು “ಸೆ ತಾ ಇಂದು?” ಎನ್ನುತ್ತಾರೆ. ನಿಮ್ಮ ಪುಸ್ತಕದಲ್ಲಿ ಇದ್ದದ್ದು “ವೊಸೆ ಎಸ್ತಾ ಇಂದು?”, ಅಂದರೆ ನೀನು ಹೋಗುತ್ತಿದ್ದೀಯಾ. ‘ವೊಸೆ’ಯ ತಲೆ ಹೋಯಿತು, ‘ಎಸ್ತಾ’ದ ತಲೆಯೂ ಹೋಯಿತು. ‘ಪಾರಾ’ ಎಂಬುದು ‘ಪ್ರಾ’ ಆಗುತ್ತದೆ. ‘ನಾಂವ್ ಎ’ ಎಂಬ ಎರಡು ಪದ ಸೇರಿ ‘ನೆ?’ ಆಗಿಬಿಡುತ್ತದೆ, ನಮ್ಮ ‘ಅಲ್ಲವೇ’ ಸವೆದು ‘ಅಲ್ವಾ’ ಆದ ಹಾಗೆ. ‘ನಾವು’ ಎನ್ನಲು ಪುಸ್ತಕ ‘ನೋಸ್’ ಕಲಿಸುತ್ತದೆ, ಬೀದಿಯಲ್ಲಿ ಎಲ್ಲರೂ ಅನ್ನುವುದು ‘ಅ ಜೆಂಚಿ’. ಅದರ ಅಕ್ಷರಶಃ ಅರ್ಥ ‘ಜನ’. ಕ್ರಿಯಾಪದವೂ ‘ಅವನು’ ಎಂಬುದಕ್ಕೆ ಹೊಂದುವ ಹಾಗೆ ಏಕವಚನದಲ್ಲಿ ಬರುತ್ತದೆ. ‘ಹೋಗುತ್ತಿದ್ದೀಯಾ’ ಎಂದು ಪುಸ್ತಕದಲ್ಲಿ ಕಲಿತ ಹೊರಗಿನವನೊಬ್ಬ ಮೆಜೆಸ್ಟಿಕ್‌ನಲ್ಲಿ ‘ಹೋಗ್ತಿದ್ಯಾ’ ಕೇಳಿ, ಧಾರವಾಡದಲ್ಲಿ ಇಳಿದ ಮೇಲೆ ‘ಹೊಂಟಿಯೇನು’ ಕೇಳಿದರೆ ಅವನ ಗತಿ ಏನಾದೀತೋ, ನಿಮ್ಮದೂ ಅದೇ.

ಇಲ್ಲಿ ಹಾಡಿನಷ್ಟು ತಾಳ್ಮೆಯ ಮೇಷ್ಟ್ರು ಬೇರೆ ಇಲ್ಲ. ತಾಳಕ್ಕೆ ಒಂದೇ ಅಕ್ಷರದ ಜಾಗವಿದ್ದರೆ ಹಾಡುಗಾರ ‘ಪಾರಾ’ ಅನ್ನಲಾರ, ‘ಪ್ರಾ’ ಅನ್ನಲೇಬೇಕು. ಸವೆದ ರೂಪ ಕಿವಿಗೆ ಬೀಳುವುದು ಹಾಗೆ. ಪಲ್ಲವಿ ಮೂರು ನಿಮಿಷದಲ್ಲಿ ನಾಲ್ಕು ಸಲ ತಿರುಗಿ ಬರುತ್ತದೆ. ನಿಮ್ಮ ಸಾವೊ ಪೌಲೊದ ಮ್ಯಾನೇಜರು ಒಂದು ವಾಕ್ಯವನ್ನು ನಾಲ್ಕು ಸಲ ಹೇಳುವುದು ಸಿಟ್ಟು ಬಂದಾಗ ಮಾತ್ರ.

ನಾನು ಶುರು ಮಾಡಿದ್ದು ಅದೋನಿರಾನ್ ಬಾರ್ಬೋಜಾ ಅವರಿಂದ. ನೀವೂ ಅಲ್ಲಿಂದಲೇ ಶುರು ಮಾಡಿ ಎಂದು ಕೇಳಿಕೊಳ್ಳುತ್ತೇನೆ. 1910ರಲ್ಲಿ ಹುಟ್ಟಿ 1982ರಲ್ಲಿ ತೀರಿಕೊಂಡ ಇವರು ಇಟಲಿಯಿಂದ ವಲಸೆ ಬಂದ ಬಡ ದಂಪತಿಯ ಮಗ, ನಿಜವಾದ ಹೆಸರು ಜುವಾಂವ್ ರುಬಿನಾತೊ. ಸಾವೊ ಪೌಲೊದ ಕೂಲಿಕಾರರು, ಗುಡಿಸಲಿನವರು, ಇಟಾಲಿಯನ್ ನಾಲಿಗೆ ಇನ್ನೂ ತಿರುಗದವರು ಹೇಗೆ ಮಾತಾಡುತ್ತಿದ್ದರೋ ಹಾಗೇ ಸಾಂಬಾ ಬರೆದವರು. ಎರ್ನೆಸ್ತು ಎಂಬ ಹೆಸರು ಅವರ ಹಾಡಿನಲ್ಲಿ ಅರ್ನೆಸ್ತು. ವ್ಯಾಕರಣದ ಬಹುವಚನಕ್ಕೂ ಅವರಿಗೂ ಎಣ್ಣೆ ಸೀಗೆ. ಓದಿದವರು ಮೂಗು ಮುರಿದರು, ಊರು ಮಾತ್ರ ಅವರನ್ನು ಎದೆಗೊತ್ತಿಕೊಂಡಿತು.

ಅವರ ‘ಟ್ರೇಂ ದಾಸ್ ಓಂಜಿ’ 1964ರದ್ದು. ‘ಹನ್ನೊಂದರ ಟ್ರೇನು’ ಎಂದು ಅರ್ಥ. ನಗರದ ಉತ್ತರ ಅಂಚಿನ ಜಸನಾಂ ಎಂಬಲ್ಲಿಗೆ ಹೋಗಬೇಕಾದ ಒಬ್ಬ, ಪ್ರೇಯಸಿಯ ಬಾಗಿಲಲ್ಲಿ ನಿಂತು, ಈ ಗಾಡಿ ತಪ್ಪಿದರೆ ಇನ್ನು ನಾಳೆ ಬೆಳಿಗ್ಗೆಯೇ ಎಂದು ಹೊರಡಲು ಒದ್ದಾಡುತ್ತಾನೆ. ತಾನು ಒಬ್ಬನೇ ಮಗ, ತಾನು ಬರುವವರೆಗೆ ಅಮ್ಮ ಮಲಗುವುದಿಲ್ಲ ಎನ್ನುತ್ತಾನೆ. ಇಷ್ಟೇ ಕತೆ. ಕೊನೇ ಬಸ್ಸು ತಪ್ಪಿಸಿಕೊಂಡು ಗೊತ್ತಿರುವ ನಮ್ಮ ಯಾವ ಊರಿನವನಿಗೂ ಈ ಹಾಡಿಗೆ ಟಿಪ್ಪಣಿ ಬೇಡ. ಹಳಿ ಈಗಿಲ್ಲ. ಹಾಡು ಮಾತ್ರ ಸಾವೊ ಪೌಲೊದ ಹೋಟೆಲುಗಳಲ್ಲಿ, ಮದುವೆಗಳಲ್ಲಿ ಇನ್ನೂ ಎಲ್ಲರ ಬಾಯಲ್ಲಿದೆ.

ನಾನು ಮಾಡಿದ್ದು ಹೀಗೆ. ಮೊದಲ ವಾರ ಕಾಗದ ಮುಟ್ಟಲಿಲ್ಲ, ಸಾಹಿತ್ಯ ಹುಡುಕಲಿಲ್ಲ. ಪಾತ್ರೆ ತೊಳೆಯುವಾಗ, ಬಸ್ಸಿನಲ್ಲಿ ಕೂತಾಗ ಸುಮ್ಮನೆ ಕೇಳಿದೆ. ಎರಡನೇ ವಾರ ಕಿವಿಗೆ ಬಿದ್ದದ್ದನ್ನು ಬಿದ್ದ ಹಾಗೆ ಕನ್ನಡ ಲಿಪಿಯಲ್ಲಿ ಬರೆದೆ. ರೋಮನ್ ಲಿಪಿ ಕಣ್ಣಿಗೆ ಕಂಡರೆ ಬಾಯಿ ತಾನಾಗಿ ಇಂಗ್ಲಿಷಿಗೆ ಹೊರಳುತ್ತದೆ. ಕನ್ನಡ ಲಿಪಿ ಹಾಗೆ ಮೋಸ ಮಾಡುವುದಿಲ್ಲ. ಬ್ರೆಜಿಲಿನ ಬಹುಭಾಗದಲ್ಲಿ ಬರಹದ ‘ತಿ’ ಬಾಯಲ್ಲಿ ‘ಚಿ’ ಆಗುತ್ತದೆ, ‘ದಿ’ ಆಗುವುದು ‘ಜಿ’. ಪದದ ಮೊದಲಿನ ‘ರ’ ಹಕಾರವಾಗುತ್ತದೆ. ನೀವು ರಿಯೋ ಡಿ ಜನೈರೊ ಎನ್ನುವ ಊರು ಅಲ್ಲಿಯವರಿಗೆ ‘ಹಿಯು ಜಿ ಜನೇಯ್ರು’. ಇದನ್ನೆಲ್ಲ ಕನ್ನಡದಲ್ಲಿ ಬರೆದುಕೊಂಡರೆ ಕಣ್ಣೂ ಕಿವಿಯೂ ಜಗಳವಾಡುವುದಿಲ್ಲ. ಇನ್ನೊಂದು ಖುಷಿ ಇದೆ. ಒಂದನೇ ಕ್ಲಾಸಿನಲ್ಲಿ ತಿದ್ದಿ ತಿದ್ದಿ ಕಲಿತು, ಆಮೇಲೆ ಜೀವಮಾನದಲ್ಲಿ ಉಪಯೋಗಕ್ಕೆ ಬಾರದ ನಮ್ಮ ‘ಞ’ಕ್ಕೆ ಕೊನೆಗೂ ಒಂದು ನೌಕರಿ ಸಿಗುತ್ತದೆ. ನಾಳೆ ಎನ್ನಲು ‘ಅಮಞಾಂ’. ಆ ಕೊನೆಯ ‘ಆಂ’ ಮೂಗಿನಲ್ಲಿ ಬರಬೇಕು. ಕೊಂಕಣಿ ಬಲ್ಲ ಕರಾವಳಿಯವರಿಗೆ ಅದು ಸಲೀಸು, ಬಯಲುಸೀಮೆಯವರು ಸ್ವಲ್ಪ ಅಭ್ಯಾಸ ಮಾಡಬೇಕು. ಪಾವ್‌ಭಾಜಿಯ ಪಾವ್ ಅನ್ನು ಮೂಗಿನಲ್ಲಿ ಅಂದು ನೋಡಿ, ಅದೇ ಪೋರ್ಚುಗೀಸರ ರೊಟ್ಟಿ.

ಮೂರನೇ ವಾರ ಸಾಹಿತ್ಯ ತೆಗೆದು ನನ್ನ ಬರಹದ ಪಕ್ಕ ಇಟ್ಟು ನೋಡಿದೆ. ಅರ್ಧಕ್ಕರ್ಧ ತಪ್ಪು. ಆದರೆ ಕಲಿತದ್ದೆಲ್ಲ ಆ ತಪ್ಪುಗಳಿಂದಲೇ. ಎಲ್ಲಿ ಎರಡು ಪದ ಒಂದಾಗಿ ಕೇಳಿಸಿತ್ತೋ ಅಲ್ಲೊಂದು ಸಂಧಿ ಇತ್ತು. ಶಾಲೆಯಲ್ಲಿ ಲೋಪಸಂಧಿ ಬಾಯಿಪಾಠ ಮಾಡಿದ ನಮಗೆ ಇದೇನು ಹೊಸದಲ್ಲವಲ್ಲ.

ದಯವಿಟ್ಟು ಒಂದು ಹಾಡಿಗೆ ಮೂರು ವಾರ ಕೊಡಿ. ಮೂವತ್ತು ಹಾಡಿನ ಪಟ್ಟಿ ಮಾಡಿಕೊಂಡು ಒಂದೊಂದನ್ನು ಒಂದೊಂದು ದಿನ ಕೇಳುವವರಿಗೆ ರಾಗ ಉಳಿಯುತ್ತದೆ, ಪದ ಉಳಿಯುವುದಿಲ್ಲ.

ಇನ್ನು ನಾನು ಹೇಳದೇ ಬಿಟ್ಟಿದ್ದ ಉಳಿದರ್ಧ. ಆ ಹನ್ನೊಂದರ ಟ್ರೇನಿನಲ್ಲಿ ನಾನು ಕಲಿತ ಕ್ರಿಯಾಪದಗಳಲ್ಲಿ ‘ಫಿಕಾರ್’ ಒಂದು. ಇರು, ಉಳಿ, ಆಗು, ಎಲ್ಲಕ್ಕೂ ಒದಗುವ ಪದ. ಬಹಳ ಇಷ್ಟವಾಯಿತು. ಸಾವೊ ಪೌಲೊಗೆ ಹೋದ ಎರಡನೇ ತಿಂಗಳು, ಒಂದು ವರದಿ ಮುಗಿಸಲು ನಮ್ಮ ಮುಖ್ಯಸ್ಥರ ಜೊತೆ ರಾತ್ರಿ ಹತ್ತರವರೆಗೆ ಆಫೀಸಿನಲ್ಲೇ ಉಳಿದಿದ್ದೆ. ಮರುದಿನ ಕಾಫಿ ಮಶೀನಿನ ಹತ್ತಿರ ಯಾರೋ ಯಾಕೆ ಕಣ್ಣು ಕೆಂಪಾಗಿದೆ ಎಂದು ಕೇಳಿದರು. ನಾನು ಹೆಮ್ಮೆಯಿಂದ, “ನಿನ್ನೆ ರಾತ್ರಿ ಬಾಸ್ ಜೊತೆ ಉಳಿದೆ” ಎಂಬುದನ್ನು ‘ಫಿಕಾರ್’ ಹಾಕಿ ಹೇಳಿದೆ. ಕಾಫಿ ಹಿಡಿದಿದ್ದ ಕೈಗಳೆಲ್ಲ ಗಾಳಿಯಲ್ಲೇ ನಿಂತವು. ಒಬ್ಬಳು ಕೆಮ್ಮಿದಳು. ಇನ್ನೊಬ್ಬ ಗೋಡೆ ಕಡೆ ತಿರುಗಿಕೊಂಡ. ಈಗಿನ ಬ್ರೆಜಿಲಿನ ಹುಡುಗರ ಬಾಯಲ್ಲಿ ‘ಒಬ್ಬರ ಜೊತೆ ಫಿಕಾರ್’ ಎಂದರೆ, ಮದುವೆ ಗಿದುವೆಯ ಯೋಚನೆಯಿಲ್ಲದೆ ಒಂದು ರಾತ್ರಿಯ ಮಟ್ಟಿಗೆ ಮುದ್ದಾಟ. 1964ರ ಹಾಡಿನಲ್ಲಿ ಆ ಪದ ಬರೀ ‘ಉಳಿ’. ನಾನು ಹಾಡಿನ ಕಾಲದ ಪದವನ್ನು ಕಾಫಿ ಮಶೀನಿನ ಕಾಲಕ್ಕೆ ತಂದುಬಿಟ್ಟಿದ್ದೆ. ನಮ್ಮ ಮುಖ್ಯಸ್ಥರು ಮೊಮ್ಮಕ್ಕಳಿದ್ದ ಸಂಭಾವಿತ ಮನುಷ್ಯರು. ವಿಷಯ ಅವರ ಕಿವಿಗೂ ಬಿತ್ತು. ಎರಡು ದಿನ ನನ್ನನ್ನು ಕಂಡರೆ ಕಾಗದ ನೋಡುತ್ತಿದ್ದರು.

ಆ ಸಂಜೆಯೇ ನನ್ನ ಪದಗಳ ಪುಸ್ತಕದಲ್ಲಿ ಪದ, ಅರ್ಥ ಎಂಬ ಎರಡು ಕಲಮುಗಳ ಪಕ್ಕ ಇನ್ನೂ ನಾಲ್ಕು ಗೆರೆ ಎಳೆದೆ: ಯಾರು, ಯಾರಿಗೆ, ಯಾವ ಊರಲ್ಲಿ, ಯಾವ ಕಾಲದಲ್ಲಿ. ಈ ನಾಲ್ಕು ಮನೆ ತುಂಬುವವರೆಗೆ ಆ ಪದವನ್ನು ಬಾಯಿಂದ ಹೊರಗೆ ಬಿಡುವಂತಿಲ್ಲ ಎಂದು ನನಗೆ ನಾನೇ ಕಟ್ಟಪ್ಪಣೆ ಮಾಡಿಕೊಂಡೆ. ನಿಮಗೆ ನಾನು ಕೇಳಿಕೊಳ್ಳುವುದೂ ಇದನ್ನೇ. ಹಾಡಿನಿಂದ ಪದ ಮಾತ್ರ ಕಲಿಯಬೇಡಿ, ಆ ಪದವನ್ನು ಯಾರು ಯಾರಿಗೆ ಹೇಳುತ್ತಿದ್ದಾರೆ ಎಂಬುದನ್ನೂ ಕಲಿಯಿರಿ.

ಊರಿನ ವಿಷಯಕ್ಕೆ ಬನ್ನಿ. ಹುಡುಗಿಗೆ ಪೋರ್ಚುಗಲ್ಲಿನಲ್ಲಿ ‘ಹಪರೀಗ’ ಎನ್ನುತ್ತಾರೆ. ಅಲ್ಲಿ ಅದು ತೀರಾ ಸಾಧು ಪದ, ಹಳೆಯ ಹಾಡುಗಳಲ್ಲಿ ಧಾರಾಳ. ಅದನ್ನೇ ಬ್ರೆಜಿಲಿನ ಈಶಾನ್ಯಕ್ಕೆ ಒಯ್ದು, ರೆಸಿಫಿಯ ಒಂದು ಮನೆಯಲ್ಲಿ “ನಿಮ್ಮ ಹಪರೀಗ ಬಹಳ ಚಂದ” ಎಂದು ತಾಯಿಗೆ ಹೇಳಿದರೆ, ನೀವು ಅವಳ ಮಗಳನ್ನು ಸೂಳೆ ಅಂದ ಹಾಗೆ. ನಾನು ಅಂದಿದ್ದೇನೆ. ಆ ತಾಯಿ ದೊಡ್ಡವರು, ಒಂದು ಗಳಿಗೆ ಸುಮ್ಮನಿದ್ದು ಬಿದ್ದು ಬಿದ್ದು ನಕ್ಕರು. ಅದರ ಮುಂದಿನ ಕತೆ ಆಮೇಲೆ ಹೇಳುತ್ತೇನೆ. ಪೋರ್ತೊಗೆ ಓದಲು ಹೋಗುವವರೇ, ಅಲ್ಲಿ ಕಾಲೇಜಿನ ಫೀಸಿಗೆ ‘ಪ್ರುಪೀನ’ ಎನ್ನುತ್ತಾರೆ. ಬ್ರೆಜಿಲಿನಲ್ಲಿ ಅದೇ ಪದಕ್ಕೆ ಲಂಚ ಎಂದರ್ಥ. ‘ಪ್ರುಪೀನ ಕಟ್ಟಿಬಂದೆ’ ಎಂದು ಬ್ರೆಜಿಲಿನ ರೂಮ್‌ಮೇಟಿಗೆ ಹೇಳುವ ಮುಂಚೆ ಯೋಚಿಸಿ. ಇನ್ನು ಆ ‘ಟ್ರೇಂ’. ರೈಲಿಗೆ ಲಿಸ್ಬನ್ನಿನಲ್ಲಿ ‘ಕೊಂಬೋಯು’ ಎನ್ನಬೇಕು. ಬ್ರೆಜಿಲಿನದೇ ಮಿನಾಸ್ ಜೆರಾಯ್ಸ್ ರಾಜ್ಯದಲ್ಲಂತೂ ಕಣ್ಣಿಗೆ ಕಂಡ ಎಲ್ಲ ವಸ್ತುವೂ ‘ಟ್ರೇಂ’. ಚಮಚವೂ ಟ್ರೇಂ, ತಿಂಡಿಯೂ ಟ್ರೇಂ. ಹೆಸರು ನೆನಪಾಗದಿದ್ದಾಗ ನಾವು ‘ಅದು, ಅದೇ ಅದು’ ಎನ್ನುವುದಿಲ್ಲವೇ, ಹಾಗೆ.

ಎಲ್ಲ ಹಾಡೂ ಬೀದಿಮಾತಲ್ಲ ಎಂಬುದೂ ನೆನಪಿರಲಿ. ನಮ್ಮ ಸಿನಿಮಾ ಹಾಡು ಕೇಳಿ ಕನ್ನಡ ಕಲಿತವನೊಬ್ಬ ತರಕಾರಿ ಅಂಗಡಿಯಲ್ಲಿ ‘ಓ ನಲ್ಲೆ, ನಿನ್ನ ಕಂಗಳು’ ಎಂದು ಶುರುಮಾಡಿದರೆ ಬೀಳುವ ಬದನೆಕಾಯಿಗೆ ಲೆಕ್ಕವುಂಟೇ? ಬೊಸ್ಸಾ ನೋವಾ ಎಂದು ಜಗತ್ತೇ ಮೆಚ್ಚಿದ ಹಾಡುಗಳನ್ನು ಬರೆದವರಲ್ಲಿ ವಿನಿಸಿಯುಸ್ ಜಿ ಮೊರಾಯ್ಸ್ ಅವರಂಥ ಕವಿಗಳಿದ್ದರು. ಅವರ ಭಾಷೆ ಮೆದು, ತಿಳಿ, ಆದರೂ ಕವಿಯದು. ಹಾಗಿದ್ದೂ ಅವರು ಟಾಂ ಜೊಬೀಂ ಜೊತೆ ಮಾಡಿದ, 1958ರಲ್ಲಿ ಹೊರಬಂದ ‘ಶೇಗ ಜಿ ಸೌದಾಜಿ’ಯ ಹೆಸರಿನ ಮೊದಲರ್ಧವನ್ನು ಬೀದಿಯಲ್ಲೂ ಬಳಸಬಹುದು. ‘ಶೇಗ ಜಿ’ ಎಂದರೆ ‘ಸಾಕಪ್ಪಾ ಸಾಕು ಈ…’. ಮುಂದೆ ಏನು ಬೇಕಾದರೂ ಹಾಕಿ: ಮಳೆ, ಮೀಟಿಂಗು, ಟ್ರಾಫಿಕ್ಕು. ‘ಸೌದಾಜಿ’ಯ ಬಗ್ಗೆ ನಿಮಗೆ ಆಗಲೇ ಹತ್ತು ಜನ ಭಾಷಣ ಮಾಡಿರುತ್ತಾರೆ, ನಾನು ಬಿಟ್ಟುಬಿಡುತ್ತೇನೆ. ನಮ್ಮ ‘ನೆನಪಾಗಿ ಹೊಟ್ಟೆಯೊಳಗೆ ಕಲಸಿದ ಹಾಗಾಯಿತು’ ಎಂಬ ಮಾತು ಅದರ ಹತ್ತಿರ ಹೋಗುತ್ತದೆ.

ನಮಗೆ ಒಂದು ಅನುಕೂಲ ಬೇರೆಯವರಿಗಿಲ್ಲ. ನಾನು ಕಾರವಾರದವಳು. ನಮ್ಮ ಕಡಲಿನಲ್ಲೇ ಇರುವ ಅಂಜದೀವ್ ದ್ವೀಪ 1961ರವರೆಗೆ ಪೋರ್ಚುಗೀಸರ ಕೈಯಲ್ಲಿತ್ತು. ಚಾವಿ, ಅಲಮಾರು, ಬಟಾಟೆ, ಪಾದ್ರಿ, ಇಗರ್ಜಿ, ಮೇಸ್ತ್ರಿ ಎಲ್ಲ ಅವರಿಂದ ಬಂದ ಪದಗಳೇ. ಅವುಗಳಲ್ಲಿ ನನಗೆ ಬಹಳ ಬೇಕಾದದ್ದು ಪಗಾರ. ನನ್ನ ಅಪ್ಪ ಹುಬ್ಬಳ್ಳಿಯಲ್ಲಿ ನೌಕರಿಯಲ್ಲಿದ್ದರು. ಒಂದನೇ ತಾರೀಖು ‘ಪಗಾರ ಆತು’ ಎಂದು ಮನೆಗೆ ಬಂದು ಮಿಠಾಯಿ ಪೊಟ್ಟಣ ಇಡುತ್ತಿದ್ದರು. ಆ ಪಗಾರದ ಮೂಲ ‘ಪಗಾರ್’, ಹಣ ಕೊಡು ಎಂಬ ಕ್ರಿಯಾಪದ. ಬ್ರೆಜಿಲಿನವರು ಈ ಪಗಾರ್ ಹಾಕಿ ಏನೇನೆಲ್ಲ ಕೊಡುತ್ತಾರೆ ನೋಡಿ. ನಾಲ್ಕು ಜನರೆದುರು ಮಾನ ಹೋದರೆ ‘ಪಗಾರ್ ಮೀಕು’, ಅಂದರೆ ಕೋತಿ ಕೊಡುವುದು. ಕಾಫಿ ಮಶೀನಿನ ಹತ್ತಿರ ನಾನು ಕೊಟ್ಟದ್ದು ಅದೇ. ಯಾರದೋ ತಪ್ಪಿಗೆ ಇನ್ಯಾರೋ ದಂಡ ತೆತ್ತರೆ ‘ಪಗಾರ್ ಉ ಪಾತು’, ಬಾತುಕೋಳಿಯ ಬೆಲೆ ಕೊಡುವುದು. ಪೋರ್ಚುಗಲ್ಲಿನ ಅಂತೋನಿಯೊ ವಾರಿಯಾಸೊಯ್ಶ್ (1944–1984) ಎಂಬ ಹಾಡುಗಾರ ಲಿಸ್ಬನ್ನಿನಲ್ಲಿ ಕ್ಷೌರಿಕನಾಗಿದ್ದವರು. ಉತ್ತರದ ಹಳ್ಳಿಯ ಗಾದೆ, ಮಟ್ಟುಗಳನ್ನೂ ಎಂಬತ್ತರ ದಶಕದ ಪಾಪ್ ಸಂಗೀತವನ್ನೂ ಒಂದೇ ಬಟ್ಟಲಲ್ಲಿ ಕಲಸಿದವರು. ಅವರದೊಂದು ಹಾಡಿನ ಹೆಸರು ‘ಉ ಕೋರ್ಪು ಎ ಕಿ ಪಾಗ’. ತಲೆಗೆ ಬುದ್ಧಿಯಿಲ್ಲದಿದ್ದರೆ ದಂಡ ತೆರುವುದು ದೇಹವೇ ಎಂಬ ಗಾದೆಯ ಅರ್ಧ ಅದು. ಇಲ್ಲಿ ‘ಎ ಕಿ’ ಗಮನಿಸಿ. ಮಾತಿನ ಪೋರ್ಚುಗೀಸಿನಲ್ಲಿ ಗಳಿಗೆಗೊಮ್ಮೆ ಬರುವ ಇದನ್ನು ವ್ಯಾಕರಣದ ಪುಸ್ತಕ ಅರ್ಧ ಪುಟ ವಿವರಿಸಿದರೂ ಇಂಗ್ಲಿಷ್ ಮೂಲಕ ಕಲಿತವರಿಗೆ ಅದು ಹಿಡಿತಕ್ಕೆ ಸಿಗುವುದಿಲ್ಲ. ನಮಗೆ ಸಿಗುತ್ತದೆ. ‘ದೇಹವೇ’ ಎಂಬಲ್ಲಿನ ‘ಏ’ ಇದೆಯಲ್ಲ, ಅವಧಾರಣೆಯ ಏಕಾರ, ಅದು ಮಾಡುವ ಕೆಲಸವನ್ನೇ ಇದೂ ಮಾಡುತ್ತದೆ. ಇಂಗ್ಲಿಷಿನ ಸುತ್ತು ದಾರಿ ಬಿಟ್ಟು ಕನ್ನಡದಿಂದ ನೇರ ದಾಟುವ ಇಂಥ ಕಾಲುಸಂಕಗಳು ಹತ್ತಾರಿವೆ, ಹುಡುಕಿಕೊಳ್ಳಿ.

ಅನಾನಸಿನ ಕತೆಯೂ ಹೀಗೇ. ನಾವು ಪೋರ್ಚುಗೀಸರಿಂದ ಅನಾನಸ್ ಪಡೆದೆವು. ಬ್ರೆಜಿಲಿನಲ್ಲಿ ಅದು ‘ಅಬಕಶೀ’. ಯಾರೂ ಮುಟ್ಟಲೊಲ್ಲದ ತಲೆನೋವಿನ ಕೆಲಸಕ್ಕೂ ಅಬಕಶೀ ಎನ್ನುತ್ತಾರೆ. ಅದನ್ನು ಸಿಪ್ಪೆ ಸುಲಿಯುವವರು ಯಾರು ಎಂದು ಮೀಟಿಂಗಿನಲ್ಲಿ ಕೇಳಿದರೆ ಹಣ್ಣು ಬರುತ್ತದೆಂದು ಕಾಯಬೇಡಿ, ನಿಮ್ಮ ಕಡೆಗೇ ನೋಡುತ್ತಿರುತ್ತಾರೆ.

ಈಗ ನಾನು ಸ್ವಲ್ಪ ಗಟ್ಟಿಯಾಗಿ ಹೇಳಬೇಕಾದ ಮಾತು, ನೀನು–ನೀವಿನದು. ಆ್ಯಪ್ ನಿಮಗೆ ‘ವೊಸೆ’ ಒಂದನ್ನೇ ಕಲಿಸಿ ಕೈತೊಳೆದುಕೊಂಡಿರುತ್ತದೆ. ‘ವೊಸೆ’ ಹುಟ್ಟಿದ್ದು ‘ವೊಸ ಮೆರ್ಸೆ’ಯಿಂದ, ಹೆಚ್ಚುಕಡಿಮೆ ನಮ್ಮ ‘ತಮ್ಮ ಕೃಪೆ’ಯ ಹಾಗಿನ ದೊಡ್ಡ ಮರ್ಯಾದೆಯ ಸಂಬೋಧನೆ. ಸವೆದು ಸವೆದು ಬ್ರೆಜಿಲಿನಲ್ಲಿ ಸರೀಕರ ‘ನೀನು’ ಆಗಿದೆ. ಹಿರಿಯರಿಗೆ, ಅಪರಿಚಿತ ವಯಸ್ಸಾದವರಿಗೆ ‘ಉ ಸಿಞೋರ್’, ‘ಅ ಸಿಞೋರ’ ಎನ್ನಬೇಕು. ಪೋರ್ಚುಗಲ್ಲಿನಲ್ಲಿ ಲೆಕ್ಕವೇ ಬೇರೆ. ಗೆಳೆಯರಿಗೆ ‘ತು’, ಹಿರಿಯರಿಗೆ ‘ಸಿಞೋರ್’, ನಡುವಿನ ‘ವೊಸೆ’ಯನ್ನು ಅಪರಿಚಿತರ ಮುಖಕ್ಕೆ ಅಂದರೆ ಕೆಲವರಿಗೆ ಒರಟಾಗಿ ಕೇಳುತ್ತದೆ. ಜಾಣರು ಸರ್ವನಾಮವನ್ನೇ ನುಂಗಿ ಕ್ರಿಯಾಪದದಲ್ಲಿ ಕೆಲಸ ಮುಗಿಸುತ್ತಾರೆ, ಏಕವಚನವೋ ಬಹುವಚನವೋ ಗೊತ್ತಾಗದಾಗ ನಾವು ‘ಊಟ ಆಯ್ತಾ?’ ಎಂದು ಕೇಳಿ ಪಾರಾಗುವ ಹಾಗೆ. ಹಾಡಿನಲ್ಲಾದರೋ ಎಲ್ಲರೂ ಪ್ರೇಮಿಗಳು, ಎಲ್ಲರೂ ಏಕವಚನ. ಹಾಡನ್ನು ನಂಬಿ ಆಫೀಸಿನ ಹಿರಿಯರಿಗೆ ಏಕವಚನ ಹಚ್ಚಬೇಡಿ. ಅತ್ತೆಗೆ ‘ನೀನು’ ಎನ್ನಬಾರದೆಂದು ನಿಮಗೆ ಯಾರೂ ಕಲಿಸಬೇಕಾಗಿಲ್ಲ. ಆ ಎಚ್ಚರವನ್ನು ವಿಮಾನ ಹತ್ತುವಾಗ ಬಿಟ್ಟು ಹೋಗಬೇಡಿ, ಅಷ್ಟೇ.

ಈ ‘ವೊಸೆ’ಯನ್ನು ಬ್ರೆಜಿಲಿನ ಹಾಡುಗಾರ ಶಿಕೋ ಬುವಾರ್ಕಿ ಬಳಸಿದ ರೀತಿ ನೋಡಿದರೆ ಒಂದು ಸರ್ವನಾಮಕ್ಕೆ ಎಷ್ಟು ಕಸುವಿರಬಹುದೆಂದು ತಿಳಿಯುತ್ತದೆ. 1964ರಿಂದ 1985ರವರೆಗೆ ಬ್ರೆಜಿಲಿನಲ್ಲಿ ಮಿಲಿಟರಿ ಆಳ್ವಿಕೆ. ಪ್ರತಿ ಹಾಡೂ ಸೆನ್ಸಾರಿನ ಮೇಜಿಗೆ ಹೋಗಬೇಕು. 1970ರಲ್ಲಿ ಶಿಕೋ ‘ಅಪೆಜಾರ್ ಜಿ ವೊಸೆ’ ಹಾಡಿದರು, ‘ನೀನಿದ್ದರೂ’ ಎಂದು. ಪ್ರೇಮಿಗಳ ಜಗಳವೆಂದು ಸೆನ್ಸಾರಿನವರು ಬಿಟ್ಟರು. ಹಾಡು ಊರೆಲ್ಲ ಹರಡಿದ ಮೇಲೆ, ಆ ‘ನೀನು’ ಆಗಿನ ಅಧ್ಯಕ್ಷ ಜನರಲ್ ಮೆಡಿಸಿಯೇ ಎಂದು ಹೊಳೆದು ನಿಷೇಧ ಹೇರಿದರು. ಆಮೇಲೆ 1973ರಲ್ಲಿ ಜಿಲ್ಬೆರ್ಟೊ ಜಿಲ್ ಜೊತೆ ಸೇರಿ ಬರೆದದ್ದು ‘ಕಾಲಿಸಿ’. ಬರಹದಲ್ಲಿ ಇಗರ್ಜಿಯ ಪಾನಪಾತ್ರೆ, ಕಿವಿಯಲ್ಲಿ ‘ಬಾಯಿ ಮುಚ್ಚು’ ಎಂಬ ಆಜ್ಞೆ. ಎರಡಕ್ಕೂ ಉಚ್ಚಾರ ಒಂದೇ. ಅದು ಧ್ವನಿಮುದ್ರಿಕೆಯಾಗಿ ಹೊರಬರಲು 1978 ಆಗಬೇಕಾಯಿತು. ನಾನು ಕಾಗದ ಮುಚ್ಚಿಟ್ಟು ಮೊದಲು ಕಿವಿಯಿಂದ ಬರೆಯಿರಿ ಎಂದು ಹಟ ಹಿಡಿಯುವುದಕ್ಕೆ ಇದೂ ಒಂದು ಕಾರಣ. ಸಾಹಿತ್ಯ ಓದಿಕೊಂಡೇ ಕೇಳಿದವನಿಗೆ ಪಾನಪಾತ್ರೆಯೊಂದೇ ಕಾಣುತ್ತದೆ.

ಶೀರ್ಷಿಕೆಯಲ್ಲಿ ಕೇಳಿದ ಪ್ರಶ್ನೆಗೆ ಉತ್ತರವೂ ಶಿಕೋ ಅವರಲ್ಲೇ ಇದೆ. ಪೋರ್ಚುಗಲ್ಲಿನವರು ಮಾತಿಗೊಮ್ಮೆ ‘ಪಾ’ ಎನ್ನುತ್ತಾರೆ. ಹುಡುಗ ಎಂಬರ್ಥದ ‘ಹಪಾಸ್’ ಸವೆದು ಉಳಿದ ಚೂರು ಅದು. ‘ಏನು ಮಳೆ, ಪಾ’, ‘ಬಿಡು, ಪಾ’. ನಿಘಂಟಿನಲ್ಲಿ ಅರ್ಥ ಹುಡುಕಿ ಸುಸ್ತಾದ ಮೇಲೆ ಲಿಸ್ಬನ್ನಿನ ಒಂದು ಕಾಫಿ ಅಂಗಡಿಯಲ್ಲಿ ಇಬ್ಬರು ಮುದುಕರು ಫುಟ್‌ಬಾಲಿನ ಮೇಲೆ ಜಗಳವಾಡುವುದನ್ನು ಕೇಳುತ್ತ ಕೂತಿದ್ದಾಗ ನನಗೆ ಅರ್ಥವಾಯಿತು: ಇದು ನಮ್ಮ ‘ಮಾರಾಯ’! ಸಿಟ್ಟಿಗೂ ಸೈ, ಸಲಿಗೆಗೂ ಸೈ. ಬ್ರೆಜಿಲಿನವರು ಇದನ್ನು ಬಳಸುವುದಿಲ್ಲ. 1974ರ ಏಪ್ರಿಲ್ 25ರಂದು ಪೋರ್ಚುಗಲ್ಲಿನ ಸರ್ವಾಧಿಕಾರ ಉರುಳಿ, ಸೈನಿಕರ ಬಂದೂಕಿನ ನಳಿಗೆಗೆ ಜನ ಕಾರ್ನೇಷನ್ ಹೂ ಸಿಕ್ಕಿಸಿದಾಗ, ಶಿಕೋ ಸಾಗರದಾಚೆಯಿಂದ ‘ತಾಂತು ಮಾರ್’ ಎಂಬ ಹಾಡಿನಲ್ಲಿ ಅವರನ್ನು ಅಭಿನಂದಿಸಿದರು. ಹಾಡುವಾಗ ಅವರದೇ ‘ಪಾ’ವನ್ನು ಎರವಲು ಪಡೆದರು. ಮಂಗಳೂರಿನ ಗೆಳೆಯನ ಸಂತೋಷಕ್ಕೆ ಮೈಸೂರಿನವನೊಬ್ಬ ‘ಮಾರಾಯಾ’ ಎಂದು ಕಾಗದ ಬರೆದ ಹಾಗೆ. ಒಂದೇ ಅಕ್ಷರದಲ್ಲಿ ಇಷ್ಟು ಪ್ರೀತಿ ತುಂಬಬಹುದೆಂದು ನನಗೆ ಗೊತ್ತಿರಲಿಲ್ಲ.

ಪೋರ್ಚುಗಲ್ಲಿಗೆ ಹೋಗುವವರಿಗೆ ಇನ್ನೆರಡು ಮಾತು. ಅಲ್ಲಿಯವರು ಮಾತಾಡುವಾಗ ಸ್ವರಗಳನ್ನು ನುಂಗುತ್ತಾರೆ, ಹಾಡುವಾಗ ಅವನ್ನೇ ಎಳೆದು ಬಿಡಿಸುತ್ತಾರೆ. ಆದ್ದರಿಂದ ಅಮಾಲಿಯಾ ರೊದ್ರಿಗೆಶ್ (1920–1999) ಅವರು ಹಾಡಿದ, ಫಾದು ಎಂಬ ಅಲ್ಲಿನ ಸಾಂಪ್ರದಾಯಿಕ ಹಾಡುಗಳಿಂದ ಶುರುಮಾಡಿ, ಕಿವಿ ಪಳಗಿದ ಮೇಲೆ ಈಗಿನ ರ‍್ಯಾಪಿಗೆ ಬನ್ನಿ. ರ‍್ಯಾಪಿನಲ್ಲಿ ‘ಬುಎ’ ಎಂಬ ಪದ ಬಹಳ ಸಿಗುತ್ತದೆ. ‘ಸಿಕ್ಕಾಪಟ್ಟೆ’ ಎಂದರ್ಥ. ಅಂಗೋಲಾದ ಕಿಂಬುಂದು ಭಾಷೆಯಿಂದ ವಲಸೆಗಾರರ ಜೊತೆ ಬಂದು ಲಿಸ್ಬನ್ನಿನ ಹುಡುಗರ ನಾಲಿಗೆಗೆ ಹತ್ತಿ, 2001ರಲ್ಲಿ ಅಲ್ಲಿನ ವಿಜ್ಞಾನ ಅಕಾಡೆಮಿಯ ನಿಘಂಟನ್ನೂ ಸೇರಿತು. ನಿಘಂಟು ಸೇರಿದರೂ ಅದು ಹುಡುಗರ ಪದವೇ. ಪ್ರೊಫೆಸರರಿಗೆ ಬರೆಯುವ ಮೇಲಿನಲ್ಲಿ ಬೇಡ. ಮತ್ತೆ, ಸೆಜಾರಿಯಾ ಎವೊರಾ ಅವರ ಹಾಡು ಕೇಳಿ ಕಣ್ಣೀರು ಹಾಕಿ, ತೊಂದರೆಯಿಲ್ಲ, ಆದರೆ ಪದ ಹೆಕ್ಕಬೇಡಿ. ಅವರು ಹಾಡಿದ್ದು ಬಹುಪಾಲು ಕೇಪ್ ವರ್ಡಿಯ ಕ್ರಿಯೋಲಿನಲ್ಲಿ. ಅದು ಬೇರೆಯೇ ಭಾಷೆ.

ಪೋಲಿ ಪದಗಳ ಬಗ್ಗೆ ನೀವು ಕೇಳಲು ನಾಚಿದ್ದೀರಿ, ನಾನೇ ಹೇಳುತ್ತೇನೆ. ರಿಯೋದ ಗುಡ್ಡದ ಕೇರಿಗಳ ಬದುಕನ್ನು ಹಾಡಿದ ಬೆಜೆಹಾ ದಾ ಸಿಲ್ವಾ (1927–2005) ಅವರನ್ನು ಕೇಳಿದರೆ ಗೀರಿಯಾ, ಅಂದರೆ ಅಲ್ಲಿನ ಒಳಮಾತು, ಮೂಟೆಗಟ್ಟಲೆ ಸಿಗುತ್ತದೆ. ದುಡಿಯದೆ ಚಾಲಾಕಿನಿಂದ ಬದುಕುವವನು ‘ಮಲಾಂದ್ರು’. ಅವನ ಕೈಗೆ ಸಿಕ್ಕಿ ಬೋಳಿಸಿಕೊಳ್ಳುವ ಪೆದ್ದ ‘ಮನೆ’ ಅಥವಾ ‘ಒತಾರಿಯು’. ಪೊಲೀಸರಿಗೆ ಸುಳಿವು ಕೊಡುವವನು ‘ದೇದು ದೂರು’, ಗಟ್ಟಿ ಬೆರಳಿನವನು, ತೋರಿಸುವ ಬೆರಳು ಬಗ್ಗದವನು. ಕೇಳಿ, ನಗಿ, ಬರೆದಿಟ್ಟುಕೊಳ್ಳಿ. ಆದರೆ ತಿಳಿಯುವುದಕ್ಕೆ ಮಾತ್ರ, ಆಡುವುದಕ್ಕಲ್ಲ. ‘ದೇದು ದೂರು’ ಎಂಬುದು ಆ ಕೇರಿಗಳಲ್ಲಿ ತಮಾಷೆಯ ಪದವಲ್ಲ. ಹೊರಗಿನವರ ಬಾಯಲ್ಲಿ ಒಳಮಾತು ಬಂದರೆ ಕೇಳುವವರಿಗೆ ಒಂದೋ ನಗು, ಇಲ್ಲ ಅನುಮಾನ. ನನ್ನನ್ನು ನಂಬಿ ಮೀಟಿಂಗಿನಲ್ಲಿ ಪದ ಎಸೆದ ಹುಡುಗ ಆ ಅಧಿಕಾರಿಗೆ ಪ್ರೀತಿಯಿಂದ ಅಂದದ್ದು ‘ಮಲಾಂದ್ರು’ ಎಂದು.

ಹಾಗಾಗಿ ಇನ್ನೊಂದು ವಿನಂತಿ: ಯಂತ್ರವನ್ನು ಕೇಳುವ ಮೊದಲು ಮನುಷ್ಯರನ್ನು ಕೇಳಿ. ಮೀಟಿಂಗ್ ಶುರುವಾಗುವ ಮುಂಚಿನ ಐದು ನಿಮಿಷ ನೀವು ಮೌನವಾಗಿ ಕೂತಿರುತ್ತೀರಿ, ಆ ಕಡೆಯವರೂ ಹಾಗೇ. “ನಿನ್ನೆ ಒಂದು ಹಾಡಿನಲ್ಲಿ ಈ ಪದ ಕೇಳಿದೆ, ನಿಮ್ಮಮ್ಮನ ಮುಂದೆ ಇದನ್ನು ಆಡಬಹುದೇ?” ಎಂದು ಕೇಳಿ ನೋಡಿ. ನಾಲ್ಕೂ ಮನೆಗಳು ಒಂದೇ ಪ್ರಶ್ನೆಯಲ್ಲಿ ತುಂಬಿಬಿಡುತ್ತವೆ. ಅಲ್ಲಿ ಹತ್ತು ವರ್ಷದಿಂದ ನೆಲೆಸಿರುವ ನಮ್ಮವರೂ ಈ ಪತ್ರ ಓದುತ್ತಿದ್ದರೆ, ನಿಮಗೆ ಗೊತ್ತಿರುವ ಪದಗಳನ್ನು ಕನ್ನಡ ಅರ್ಥದೊಂದಿಗೆ ಬರೆದಿಡಿ. ಇಂಗ್ಲಿಷಿನ ಅರ್ಥ ಎಲ್ಲಾದರೂ ಸಿಗುತ್ತದೆ. ‘ಪಾ’ ಎಂದರೆ ಮಾರಾಯ ಎಂದು ಬರೆಯಬಲ್ಲವರು ನೀವೇ.

ರೆಸಿಫಿಯ ಆ ತಾಯಿಯ ಕತೆ ಬಾಕಿ ಇತ್ತಲ್ಲ. ನಕ್ಕು ಮುಗಿದ ಮೇಲೆ, ಕಣ್ಣೊರೆಸಿಕೊಂಡು, ಅಡುಗೆಮನೆಯ ಕಡೆ ತಿರುಗಿ ಮಗಳಿಗೆ ಏನೋ ಕೂಗಿ ಹೇಳಿದರು. ‘ನೀರು’ ಮತ್ತು ‘ಬೀನ್ಸ್ ಕಾಳು’ ಎಂಬ ಎರಡು ಪದ ಕಿವಿಗೆ ಬಿತ್ತು. ಹೊತ್ತಲ್ಲದ ಹೊತ್ತಿನಲ್ಲಿ ಗೆಳೆಯರನ್ನು ಮನೆಗೆ ಕರೆತರುವವನೊಬ್ಬ ಹೆಂಡತಿಗೆ ಅಡುಗೆಯ ತಯಾರಿ ಹೇಳುವ ಹಾಡೊಂದು ಶಿಕೋ ಅವರದಿದೆ, ‘ಫೇಜುಆದ ಕೊಂಪ್ಲೇತ’. ಅದನ್ನು ನಾನು ಮೂರು ವಾರ ಕೇಳಿದ್ದೆ. ಉಣ್ಣುವ ಬಾಯಿ ಹೆಚ್ಚಾದಾಗ ಅಲ್ಲಿ ಕಾಳಿಗೆ ನೀರು ಹಾಕುತ್ತಾರೆ, ನಮ್ಮಲ್ಲಿ ಸಾರಿಗೆ ಇನ್ನೊಂದು ತಂಬಿಗೆ ಸುರಿಯುವ ಹಾಗೆ. ಊಟಕ್ಕೆ ಎಬ್ಬಿಸಲು ಬಂದ ಮಗಳು ನನ್ನ ಪಕ್ಕದಲ್ಲಿ ಕೂತು ಅದನ್ನು ಇಂಗ್ಲಿಷಿನಲ್ಲಿ ವಿವರಿಸಲು ಶುರುಮಾಡಿದಳು. ಬೇಡ ಎಂದು ಕೈಯಾಡಿಸಿ, ನಾನಾಗಲೇ ಕೈತೊಳೆಯಲು ಎದ್ದಿದ್ದೆ.

ಇಂತಿ ನಿಮ್ಮ ವಿಶ್ವಾಸಿ,

ಕಾರವಾರದ ಒಬ್ಬ ಅನುವಾದಕಿ